ಐದರಲ್ಲೇ ನಿಂತ ಮುಳ್ಳು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬನಹಟ್ಟಿಯ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ದುಂಡೇಶ ಹೊಸ ಗ್ಯಾಸ್ ಸಿಲಿಂಡರಿನ ಬುಡದ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಯಾರಾದರೂ ಅಲುಗಿಸಿದರೆ ಗೊತ್ತಾಗಬೇಕು. ಯಾರಾದರೂ ಎಂದರೆ ಮಾಳು: ಹೆಂಡತಿ ಉಮಾಶ್ರೀಯ ತಮ್ಮ, ಅಂಗಡಿಯ ಪಾಲುದಾರ.

ದುಂಡೇಶ ಲೋಕಾಪುರದ ಕಡೆಯ ಕುರಿಗಾರರ ಮನೆಯವನು. ಮಗ್ಗದ ಮುರಿದ ಕಬ್ಬಿಣ ಕತ್ತರಿಸಿ ಬೆಸೆಯುತ್ತಲೇ ತಲೆ ನರೆತಿತ್ತು. ಅವನು ನಂಬಿದ್ದು ಆಕ್ಸಿಜನ್ ಸಿಲಿಂಡರಿನ ಒತ್ತಡ ತೋರಿಸುವ ಗೇಜನ್ನು. ಅದರ ಮುಳ್ಳು ಅರ್ಧಕ್ಕಿಳಿದರೆ ಸಿಲಿಂಡರೂ ಅರ್ಧ ಖಾಲಿ. ಹೋದ ತಿಂಗಳು ಪಕ್ಕದ ಎಲ್‌ಪಿಜಿಗೂ ಗೇಜು ಹಾಕಿಸಿ, ಅದೇ ಲೆಕ್ಕ ಹಿಡಿದ. ದಿನಾ ಐದರಲ್ಲೇ ನಿಂತಿದ್ದ ಮುಳ್ಳು ನಿನ್ನೆ ಮಧ್ಯಾಹ್ನ, ಅವನು ಊಟ ಮುಗಿಸಿ ಬರುವಷ್ಟರಲ್ಲಿ, ಸೊನ್ನೆಗೆ ಬಿದ್ದಿತ್ತು. ಅಂಗಡಿಯಲ್ಲಿದ್ದವನು ಮಾಳು ಒಬ್ಬನೇ.

ಮಾಳು ಬಂದವನೇ ಗೆರೆ ನೋಡಿದ. "ಏನ್ ಮಾಮಾ, ಸಿಲಿಂಡರಿಗೆ ರಂಗೋಲಿ?"

"ನೀ ಇದ್ದಾಗ ಗ್ಯಾಸ್ ಮಾಯ ಆಗಾಕತ್ತೈತಲ್ಲ, ಅದಕ್ಕ."

ಮಾಳುವಿನ ಮುಖ ಕಪ್ಪಿಟ್ಟಿತು. "ಕಳ್ಳ ಅಂತೀರೇನು? ಹಂಗಾದ್ರ ಪಾಲು ಮುರೀರಿ. ನಾ ಮುಧೋಳಕ್ಕ ಹೊಂಟೆ."

ಬುತ್ತಿ ತಂದಿದ್ದ ಉಮಾಶ್ರೀ ನಡುವೆ ಬಂದಳು. "ಮನ್ಯಾಗಿನ ಸಿಲಿಂಡರಿಗೆ ಯಾವ ಮುಳ್ಳೈತ್ರೀ? ನಾ ಎತ್ತಿ ನೋಡ್ತೀನಿ. ನೀವೂ ತೂಗಿ ನೋಡ್ರಿ, ಆಮ್ಯಾಲ ನನ್ನ ತಮ್ಮನ್ನ ಅನ್ರಿ."

ಎದುರಿನ ನೂಲಿನ ವ್ಯಾಪಾರಿ ಶಂಕರೆಪ್ಪನ ತೂಕದ ಯಂತ್ರದ ಮೇಲೆ ಹೊಸ ಸಿಲಿಂಡರು ಮೂವತ್ತಾರು ಕೆಜಿ ತೂಗಿತು. ಮೂರು ದಿನ ಕೆಲಸ ನಡೆಯಿತು. ಬೀಗದಕೈ ದುಂಡೇಶನ ಸೊಂಟದಲ್ಲೇ. ಮಾಳುವನ್ನು ಗಳಿಗೆಯೂ ಒಂಟಿ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಮುಳ್ಳು ಐದರಲ್ಲೇ ಇದೆ.

"ನೋಡ್ರಿ, ಖರ್ಚೇ ಆಗಿಲ್ಲ!" ಎಂದ ಮಾಳು. "ಮೂರ್ ದಿನ ಬರೇ ಗಾಳೀಲೆ ಕಬ್ಬಿಣ ಕೊಯ್ದೇವಿ!"

ಆಕ್ಸಿಜನ್ ಅನಿಲ. ನಮ್ಮೂರಿನ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ಅದು ದ್ರವವಾಗದು. ಬಳಸಿದಷ್ಟೂ ಒತ್ತಡ ಇಳಿಯುತ್ತದೆ. ಎಲ್‌ಪಿಜಿ ಒತ್ತಿದರೆ ಸಾಕು, ದ್ರವವಾಗುತ್ತದೆ. ಸಿಲಿಂಡರಿನೊಳಗೆ ಆ ದ್ರವದ ಮೇಲೆ ನಿಂತಿರುವುದು ಅದರ ಆವಿ. ಆವಿ ಹೊರಹೋದಂತೆ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ. ದ್ರವ ತೀರುವವರೆಗೆ ಮುಳ್ಳು ಹೆಚ್ಚು ಕದಲದು. ತೀರಿದೊಡನೆ ಸರ್ರನೆ ಬೀಳುತ್ತದೆ.

ದುಂಡೇಶ ಸಿಲಿಂಡರನ್ನು ಮತ್ತೆ ತೂಕಕ್ಕೇರಿಸಿದ. ನೂಲು ಒಯ್ಯಲು ಬಂದವರೆಲ್ಲ ಸುತ್ತ ನೆರೆದರು.

"ಎಲ್ಲಾರಿಗೂ ಕೇಳೂಹಂಗ ಓದಪಾ" ಎಂದ ಶಂಕರೆಪ್ಪ.

ದುಂಡೇಶ ಮಾಳುವಿನ ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಓದಿದ: "ಮೂವತ್ತೆರಡು."