ಸುಮ್ನಮ್ಮನ ಒಕ್ಕಲು

“ನಡಿಯಾಕೆ ದೇವ್ರು ಯಾಕಜ್ಜಿ ಬೇಕು, ಕಾಲಿದ್ರೆ ಸಾಲ್ದಾ? ವಾರೆಲ್ಲ ತಾಂಡ್ಯದ ಫ್ಯಾಕ್ಟ್ರೀಲಿ ನಿಂತ ಜಾಗ್ದಲ್ಲೇ ನಿಂತು ಬಾಟ್ಲಿಗೆ ಮುಚ್ಚಳ ಆಕ್ತೀನಿ. ಬಾಟ್ಲಿ ಓಡಾಡ್ತವೆ, ನಾನು ನಿಂತೇ ಇರ್ತೀನಿ. ಭಾನ್ವಾರ ಬಂದ್ರೆ ಕಾಲು ನನ್ನ ಕೇಳೋದೇ ಇಲ್ಲ, ತಾನಾಗೇ ಚಪ್ಲಿ ಉಡುಕ್ತದೆ. ಓದ ಮಾಗೀಲಿ ಕೆರೆ ಏರಿ ಮ್ಯಾಲೆ ಓಯ್ತಿದ್ನಾ, ಬಾತ್ಕೋಳಿ ಇಂಡು ಒಂದೇ ಸಲಕ್ಕೆ ಎದ್ದೋ ನೋಡಿ, ನಾನೂ ಆರ್‌ಬುಡ್ತೀನೇನೋ ಅನ್ನುಸ್ತು! ಮುಡುಕುತೊರೆ ಬೆಟ್ಟ ಅತ್ತಿ ನೋಡುದ್ರೆ ಕಾವೇರಿ ಒಣಗಾಕಿದ್ ಸೀರೆಯಂಗೆ ಬಿದ್ದವ್ಳೆ. ಈಗ ಭರಚುಕ್ಕಿ ತುಂಬಿ ಧುಮುಕ್ತಾ ಅದಂತೆ. ಬಸ್ ಇಳ್ದು ಕಾಡ್ ದಾರೀಲಿ ನಡ್ಕೊಂಡೇ ಓಗ್ಬೇಕು ಅಂತಾಸೆ. ನಮ್ಮಪ್ಪನ ಮನೇಲಿ ಬುದ್ಧನ ಫೋಟೋಗೆ ಕೈಮುಗೀತಿದ್ವಿ, ಅರಕೆ ಗಿರಕೆ ಇರ್ನಿಲ್ಲ. ಇಲ್ಲಿ ಅರಕೆ ಇಲ್ದೆ ಎಂಗಸ್ರು ದೂರ ನಡಿಯಂಗಿಲ್ವಂತೆ. ನಮ್ಮತ್ತೆ ಬುಡಬೇಕಲ್ಲ!”

ನನ್ನ ಜಗುಲಿಯ ಮೇಲೆ ಕಾಲು ಆಡಿಸುತ್ತ ಹೀಗೆ ಹೇಳಿದವಳು ರೋಜಾ. ಬದನವಾಳಿನ ಹುಡುಗಿ, ಈಗ ನಮ್ಮೂರು ಹದಿನಾರು ಗ್ರಾಮದಲ್ಲಿ ನಮ್ಮ ಪಕ್ಕದ ಮನೆ ರಾಚಮ್ಮನ ಸೊಸೆ. ಅತ್ತೆಯನ್ನು ಅಮ್ಮ ಅಂತಲೇ ಕರೆಯುತ್ತಾಳೆ. ರಾಚಮ್ಮನೂ ಒಳ್ಳೆಯವಳೇ. ಕಿವಿ ಮಂದ, ಬಾಯಿ ಚುರುಕು.

ಆ ಸಂಜೆ ರೋಜಾ ಧೈರ್ಯ ಮಾಡಿ ಕೇಳಿಯೇಬಿಟ್ಟಳು. ಗೋಡೆಯ ಈಚೆ ನನಗೆಲ್ಲ ಕೇಳಿಸುತ್ತಿತ್ತು.

“ಭರಚುಕ್ಕಿಗಾ? ಯಾವ್ ದೇವ್ರಿಗೆ?”

“ಸುಮ್ನೆ, ಅಮ್ಮ.”

“ಯಾರೂ?”

“ಸುಮ್ನೇ ಅಮ್ಮಾ!”

“ಸುಮ್ನಮ್ಮನಾ! ಅಂಗನ್ನು ಮತ್ತೆ. ಓಗ್ಬುಟ್ಟು ಬಾ, ಅರಕೆ ತಡೀಬಾರ್ದು.”

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಬೆಳಿಗ್ಗೆ ನಲ್ಲಿ ಹತ್ತಿರ ರಾಚಮ್ಮ ಬಿಂದಿಗೆ ಇಳಿಸಿ, “ನನ್ ಸೊಸೆ ಸುಮ್ನಮ್ಮನ ಒಕ್ಲು ಕಣ್ರೇ, ಭಾರಿ ದೇವ್ರಂತೆ” ಅಂತ ಸಾರಿದಳು. ಇಬ್ಬರು ಕುಂಕುಮ ತರೋಕೆ ಹೇಳಿದರು. ರೋಜಾ ನಕ್ಕೂ ನಕ್ಕೂ ಕೆಮ್ಮಿದಳು. ಆದರೆ ನಿಜ ಗೊತ್ತಾದರೆ ಭರಚುಕ್ಕಿ ಒಂದೇ ಅಲ್ಲ, ಭಾನುವಾರದ ನಡಿಗೆಯೇ ನಿಂತುಹೋಗುತ್ತದೆ.

ಶನಿವಾರ ರಾಚಮ್ಮ ತೆಂಗಿನಕಾಯಿಯನ್ನು ಜುಟ್ಟು ಉಳಿಸಿ ಸುಲಿಯುತ್ತ ಅಂದಳು: “ನಾನೂ ಬತ್ತೀನಿ.”

ರೋಜಾಳ ನಗು ಅಲ್ಲೇ ಒಣಗಿತು. ನನ್ನನ್ನೂ ಎಳೆದುಕೊಂಡಳು, “ಬಯ್ಯುವಾಗ ಯಾರಾರ ಇರ್ಲಿ ಕಣಜ್ಜಿ” ಅಂತ.

ನರಸೀಪುರದಲ್ಲಿ ಬಸ್ ಬದಲಿಸಿ, ಸತ್ತೇಗಾಲದ ಹತ್ತಿರ ಇಳಿದು ನಡೆದೆವು. ಎರಡು ಕಡೆ ಹಸಿರು, ಕೋತಿಗಳ ಗಲಾಟೆ. ರಂಗನಾಥನ ಗುಡಿ ಕಂಡಿತು.

“ಇದೇನಾ?”

“ಅಲ್ಲಮ್ಮ, ಇನ್ನೂ ಮುಂದೆ.”

ಇನ್ನಷ್ಟು ದೂರ ಹೋದಮೇಲೆ ರಾಚಮ್ಮ ತಟ್ಟನೆ ನಿಂತಳು. “ಯಾವನೇ ಅದು, ಇಲ್ಲಿ ಮಿಲ್ ಓಡಿಸ್ತಾ ಇರೋನು?”

“ಅದು ನೀರಮ್ಮ!”

“ನಂಗೇ ಕೇಳ್ತಾ ಅದಲ್ಲೇ!” ಅಂದವಳೇ ನಮ್ಮಿಬ್ಬರನ್ನೂ ಹಿಂದೆ ಹಾಕಿ ಓಡಿದಳು.

ಬಂಡೆ ತುಂಬ ಬೆಳ್ಳಗೆ ನೀರು, ಹಾಲು ಉಕ್ಕಿ ಒಲೆಗೆ ಸುರಿದ ಹಾಗೆ. ತುಂತುರು ಮುಖಕ್ಕೆ ಹೊಡೆಯಿತು. ರಾಚಮ್ಮ ಬಾಯಿ ತೆರೆದವಳು ಮುಚ್ಚಲಿಲ್ಲ. ಆಮೇಲೆ ಚೀಲಕ್ಕೆ ಕೈ ಹಾಕಿ, “ಗುಡಿ ಎಲ್ಲೇ?” ಅಂದಳು.

ರೋಜಾ ಕಣ್ಣು ಮುಚ್ಚಿಕೊಂಡು ಅವಳ ಕಿವಿಗೆ ಕಿರುಚಿದಳು: “ಗುಡಿ ಇಲ್ಲಮ್ಮ! ದೇವ್ರೂ ಇಲ್ಲ! ನೋಡಾಕೆ ಸುಮ್ನೆ ಬಂದಿದ್ದು! ಬಯ್ಯಂಗಿದ್ರೆ ಇಲ್ಲೇ ಬಯ್ದುಬುಡಿ!”

ಕಂಬಿ ಹಿಡಿದು ನಿಂತಿದ್ದವರೆಲ್ಲ ತಿರುಗಿದರು. ರಾಚಮ್ಮ ಸೊಸೆಯನ್ನು ನೋಡಿದಳು, ನೀರನ್ನು ನೋಡಿದಳು.

“ಅಂಗಾರೆ ನನ್ ಮಂಡಿ ಸವೆಸ್ಕೊಂಡು ನಾನ್ಯಾಕೆ ಬಂದೆ?”

“ನೀವೂ ಸುಮ್ನೆ!”

ಹೊಟ್ಟೆಯಿಂದ ಎದ್ದ ನಗು ಅವಳ ಭುಜವನ್ನೆಲ್ಲ ಕುಲುಕಿಸಿತು. “ಅಯ್ಯೋ ನಿನ್ ಮನೆ ಕಾಯೋಗ! ಊರ್ಗೆಲ್ಲ ಸಾರ್ಬುಟ್ಟೆ ಕಣೇ!” ಕಲ್ಲಿಗೆ ಕಾಯಿ ಕುಟ್ಟಿ ಒಡೆದು, ಗುರುತಿಲ್ಲದವರಿಗೂ ಚೂರು ಹಂಚಿದಳು. ಸೀರೆ ಒದ್ದೆಯಾದರೂ ಕದಲಲಿಲ್ಲ.

“ಇಷ್ಟ್ ವಯಸ್ಸಾಯ್ತು, ಇಂಥದ್ನ ತೋರ್ಸಾಕೆ ಒಬ್ರೂ ಕರೀನಿಲ್ವಲ್ಲೇ. ಬರೋ ಭಾನ್ವಾರ ಎಲ್ಗೆ?”

ರೋಜಾ ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು. ನನಗೆ ತಲೆಯೂ ಸುತ್ತಿತು, ನಗುವೂ ತಡೆಯಲಿಲ್ಲ.

ಊರಿಗೆ ಬಂದಾಗ ಹಾಲು ಕರೆಯುವ ಹೊತ್ತು ಮೀರಿ ರಾಚಮ್ಮನ ಹಸು ಕೂಗುತ್ತಿತ್ತು. ರೋಜಾ ಕರುವನ್ನು ಹಿಡಿದುಕೊಂಡಳು. ರಾಚಮ್ಮ ಕೆಚ್ಚಲಿಗೆ ನೀರು ಚಿಮುಕಿಸಿ, ಚೊಂಬು ಮಂಡಿಗೆ ಸಿಕ್ಕಿಸಿಕೊಂಡು ಹಾಲು ಕರೆಯತೊಡಗಿದಳು.