ನಿರ್ಗತಿಕರ ಮನೆಯ ಕುರ್ಚಿ

ನಿರ್ಗತಿಕರ ಮಾಸಾಶನಕ್ಕೆ ಅರ್ಜಿ ಹಾಕಿದವರ ಮನೆ ನೋಡಲು ಬರುವ ತನಿಖೆ ಸಾಹೇಬರಿಗೆ ‘ನಿರ್ಗತಿಕ’ ಎಂಬ ಮಾತಿನ ಮೇಲೇ ಗುಮಾನಿ. “ಗತಿ ಇಲ್ಲ ಅಂದ್ರೆ ಇಲ್ಲೀತನಕ ಬದುಕಿದ್ದು ಹೇಗೆ?” ಎನ್ನುತ್ತಲೇ ಹೊಸ್ತಿಲು ದಾಟುತ್ತಾರೆ. ಒಲೆ ಮುಟ್ಟಿ ನೋಡುತ್ತಾರೆ, ತಣ್ಣಗಿದ್ದರೆ, “ನಾನು ಬರ್ತೀನಂತ ನೀರು ಹಾಕಿ ಆರಿಸಿದ್ರಾ?” ಎನ್ನುತ್ತಾರೆ. ಮುದುಕಿ ಕೆಮ್ಮಿದರೆ ಅಸಲಿಯೋ ನಕಲಿಯೋ ಎಂದು ಕಿವಿಗೊಡುತ್ತಾರೆ. ಗೋಡೆಯ ಹಲ್ಲಿ ದಪ್ಪಗಿದ್ದರೂ ಅವರ ಹುಬ್ಬು ಮೇಲೇರುತ್ತದೆ. ಆಮೇಲೆ ತಮಗೆಂದು ಹಾಕಿದ ಕುರ್ಚಿಯಲ್ಲಿ ಆರಾಮಾಗಿ ಕೂತು, “ಕುರ್ಚಿ ಇಟ್ಕೊಂಡೋರು ಯಾವ ಸೀಮೆ ನಿರ್ಗತಿಕರಮ್ಮ?” ಎಂದು ಅರ್ಜಿಯನ್ನು ತಳ್ಳಿಹಾಕುತ್ತಾರೆ. ಒಂದು ದಿನ ಬಡವರ ಓಣಿಯೊಂದರಲ್ಲೂ ಮನೆಯಿಂದ ಮನೆಗೆ ಇದೇ ನಡೆಯಿತು. ಕೊನೆಯ ಮನೆಯಲ್ಲಿ ಕೂರುವ ಮುನ್ನ ಅಭ್ಯಾಸಬಲದಿಂದ ಕುರ್ಚಿಯನ್ನೂ ಮುಟ್ಟಿದರು. ಬೆಚ್ಚಗಿತ್ತು! “ಈಗಷ್ಟೇ ಯಾರೋ ಇಲ್ಲಿ ಕೂತಿದ್ರು. ದುಡಿಯೋ ಮಗನ್ನ ಎಲ್ಲಿ ಬಚ್ಚಿಟ್ಟಿದ್ದೀಯಮ್ಮ?” ಆ ಮನೆಯ ಮುದುಕಿ ಕೈಮುಗಿದಳು: “ಪಕ್ಕದ ಮನೇಲಿ ಕೂತಿದ್ದು ನೀವೇ ಅಲ್ವಾ ಸ್ವಾಮಿ? ಓಣಿಗೆಲ್ಲ ಇರೋದು ಇದೊಂದೇ ಕುರ್ಚಿ. ನೀವು ಎದ್ದ ತಕ್ಷಣ ಹಿತ್ತಲ ಬಾಗಿಲಿಂದ ಹೊತ್ಕೊಂಡು ಬಂದ್ವಿ. ದೊಡ್ಡೋರನ್ನ ನೆಲದ ಮೇಲೆ ಕೂರ್ಸೋಕಾಗತ್ತಾ?” ಸಾಹೇಬರು ಕೂರಲಿಲ್ಲ. ಅಂದು ಆ ಓಣಿಯಲ್ಲಿ ಅವರ ಕೈಗೆ ಬೆಚ್ಚಗೆ ಸಿಕ್ಕಿದ್ದು ಅದೊಂದೇ. ಆ ಬಿಸಿಯೂ ಅವರದೇ.