ಜೀಪಿನ ಹಿಂಬದಿಯ ಸದ್ದು

ನನ್ನ ಜೀಪು ಮೊದಲ ಸಲ ಸದ್ದು ಮಾಡಿದ್ದು ಹುದಿಕೇರಿ ದಾಟಿದ ಮೇಲಿನ ಏರಿನಲ್ಲಿ. ಗೇರು ಬದಲಿಸಿ ಕಾಲು ಒತ್ತಿದ ಕೂಡಲೇ ಬೆನ್ನ ಹಿಂದೆ, ನೆಲದಡಿಯಲ್ಲೆಲ್ಲೋ, ‘ಕಟಕ್’ ಎಂದಿತು. ಯಾರೋ ಬಾಗಿಲು ತಟ್ಟಿ, ಒಳಗಿನವರು ಏಳುವ ಮೊದಲೇ ಬೇಡವೆಂದು ಹೊರಟುಹೋದ ಹಾಗೆ. ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ನನ್ನ ಕೊಡೆ ಮಲಗಿತ್ತು. ಅದರ ಮೇಲೆ ಅನುಮಾನಪಡಲು ಕಾರಣವಿರಲಿಲ್ಲ.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಎಂದರೆ ಆಳುಗಳ ಹಾಜರಿ ಹಾಕುವುದು, ಪಿಕಿಂಗ್ ಕಾಲದಲ್ಲಿ ಹಣ್ಣು ತೂಗಿಸುವುದು, ಸಾಹುಕಾರರು ಬಂದಾಗ ಎದ್ದು ನಿಲ್ಲುವುದು. ಕೆಲಸ ಬಿಟ್ಟ ಮೇಲೂ ಅವರು ತೋಟದ ಮೂಲೆಯ ಮನೆಯಲ್ಲಿ ಇರಗೊಟ್ಟಿದ್ದಾರೆ. ಮದುವೆಯನ್ನು ‘ಮುಂದಿನ ಪಿಕಿಂಗ್ ಮುಗಿಯಲಿ’ ಎಂದು ಮುಂದೂಡುತ್ತ ಬಂದೆ. ಅದೂ ಶಿಸ್ತಿನಿಂದ ಮುಂದೆ ಮುಂದೆ ಹೋಗಿ ಕಣ್ಮರೆಯಾಯಿತು. ಹೀಗಾಗಿ ಮನೆಯೊಳಗೆ ನಾನು, ಶೆಡ್ಡಿನೊಳಗೆ ಜೀಪು.

ಹಿಂದೆ ಆ ಜೀಪಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಳುಗಳು ವಾಸಿಸುವ ಲೈನುಮನೆಯ ಹೆಂಗಸರು, ಅವರ ಬುತ್ತಿ, ಒಬ್ಬೊಬ್ಬರ ಕಂಕುಳಲ್ಲಿ ಕೋಳಿ. ತೋಟಕ್ಕೆ ಪಿಕಪ್ ವ್ಯಾನು ಬಂದು ವರ್ಷಗಳಾದವು. ನಾನು ಪೇಟೆಗೆ ಹೋಗಿಬರುವುದು ಬೆಳಗಿನ ಹೊತ್ತು, ಬಸ್ಸು ಕಾಯುವವರು ರಸ್ತೆಗೆ ಬರುವ ಮೊದಲೇ. ಒಂದು ಪೇಪರು, ಒಂದು ಚಹಾ, ವಾಪಸು.

ಸದ್ದಿನ ವಿಷಯವನ್ನು ನನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಫೋನಿನಲ್ಲಿ ತಮ್ಮನಿಗೆ ಹೇಳಿದೆ. ಆಗೊಮ್ಮೆ ಈಗೊಮ್ಮೆ ಮಾತಾಡುವವರಿಗೆ ಏನಾದರೊಂದು ವಿಷಯ ಬೇಕಲ್ಲ. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದವರು. ತಮ್ಮ ಅಲ್ಲೇ ಉಳಿದು ಶುಂಠಿ, ಜೋಳ ಬೆಳೆಯುತ್ತಾನೆ.

“ಮೆಕ್ಯಾನಿಕ್ ಏನಂದ?” ಎಂದ.

“ಸದ್ದೇ ಇಲ್ಲ ಅಂದ.”

“ಅಣ್ಣ, ವಯಸ್ಸಾಯ್ತು ಕಣಣ್ಣ. ಇಲ್ಲದ ಸದ್ದು ಕೇಳುಸ್ಕೊಂಡು ಆ ತಿರುವಿನ ರಸ್ತೇಲಿ ಗಾಡಿ ಓಡುಸ್ತೀಯ. ಮಾರ್ಬುಟ್ಟು ನಮ್ಮನೇಗೆ ಬಂದ್ಬುಡು. ಮ್ಯಾಲೆ ರೂಮು ಖಾಲಿ ಐತೆ.”

ಆ ರೂಮನ್ನು ನಾನು ಬಲ್ಲೆ. ಅದರಲ್ಲಿ ಒಂದು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಟ್ಯಾಂಕು. ಅಲ್ಲಿ ನಾನು ಯಾರಿಗೂ ತೊಂದರೆ ಕೊಡದೆ ಬಹುಕಾಲ ಬಾಳಬಹುದಿತ್ತು. ನನ್ನ ಭಯವೂ ಅದೇ ಆಗಿತ್ತು. ಹಾಗೆ ಜೀಪಿನ ಸದ್ದು ನನ್ನ ಬುದ್ಧಿಸ್ಥಿಮಿತದ ಮೇಲಿನ ವಿಚಾರಣೆಯಾಗಿ ಮಾರ್ಪಟ್ಟಿತು. ಸದ್ದು ಜೀಪಿನದಾದರೆ ನಾನು ನನ್ನ ಮನೆಯಲ್ಲಿ. ನನ್ನ ತಲೆಯದಾದರೆ ನೀರಿನ ಟ್ಯಾಂಕಿನ ಎದುರು.

ಪೊನ್ನಂಪೇಟೆಯ ಮೆಕ್ಯಾನಿಕ್ ಸಹನೆಯುಳ್ಳ ಮನುಷ್ಯ, ಮೈಕಟ್ಟಿನಲ್ಲಿ ತುಂಬಿದ ಕಾಫಿ ಮೂಟೆ. ಜೀಪಿನ ಹಿಂಭಾಗದ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದ, ನಾನು ಓಡಿಸುತ್ತಿದ್ದೆ. ನಮ್ಮ ಕಡೆ ಪರಿಚಯದ ಜೀಪು ಕಂಡರೆ ಕೈ ಒಡ್ಡುವುದು, ಒಡ್ಡಿದವರನ್ನು ಹತ್ತಿಸಿಕೊಳ್ಳುವುದು ಪದ್ಧತಿ. ಗ್ಯಾರೇಜು ತೆರೆಯುವ ಹೊತ್ತಿಗೆ ಬಸ್‌ಸ್ಟಾಪಿನಲ್ಲಿ ಜನ ಇರುತ್ತಿದ್ದರು. ಹತ್ತಿದವರು ಮೆಕ್ಯಾನಿಕ್ಕನ ಮೇಲೆ ಕಾಲು ಚಾಚದಂತೆ ಮರ್ಯಾದೆಯಿಂದ ಕೂರುತ್ತಿದ್ದರು.

“ಇವ ಯಾಕೆ ಹೀಗೆ ಬಿದ್ದುಕೊಂಡಿದ್ದಾನೆ?” ಎಂದಳು ಬುಟ್ಟಿ ಹಿಡಿದ ಒಬ್ಬ ಅಜ್ಜಿ.

“ರೈಟರಿಗೆ ಏನೋ ಸೌಂಡ್ ಕೇಳ್ತದಂತೆ,” ಎಂದ ಮೆಕ್ಯಾನಿಕ್ ಕೆಳಗಿನಿಂದ.

“ಒಬ್ಬರೇ ಇರುವವರಿಗೆ ಕೇಳ್ತದೆ. ನಮ್ಮ ಭಾವನಿಗೂ ಕೇಳ್ತಿತ್ತು.”

ಭಾವನಿಗೆ ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ.

ಸದ್ದು ಬರಲಿಲ್ಲ. ಆದರೂ ನನ್ನ ಸಮಾಧಾನಕ್ಕೆಂದು ಮೆಕ್ಯಾನಿಕ್ ಕ್ರಾಸ್ ಬದಲಿಸಿದ; ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುವ ಉದ್ದನೆಯ ಶಾಫ್ಟಿನ ತುದಿಯಲ್ಲಿರುವ ಕೀಲು ಅದು. ಇನ್ನೊಮ್ಮೆ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಬಿಚ್ಚಿ, ಹಲ್ಲುಗಳನ್ನು ನೋಡಿ, ಮುಚ್ಚಿದ. ಪ್ರತಿ ಸಲವೂ ನಾನು ಕೃತಜ್ಞತೆ ಸಲ್ಲಿಸಿ, ಅವನನ್ನು ಇಳಿಸಿ, ಒಬ್ಬನೇ ಹೊರಟು ಪೇಟೆ ದಾಟುವಷ್ಟರಲ್ಲಿ: ಕಟಕ್. “ರೈಟರೇ,” ಎಂದ ಅವನು ಕೊನೆಗೆ, ಮೆಲ್ಲಗೆ, “ಗಾಡಿ ಒಳ್ಳೇದುಂಟು. ಕಿವಿ ಒಮ್ಮೆ ಡಾಕ್ಟ್ರಿಗೆ ತೋರಿಸಿ ಆಯ್ತಾ?”

ಕಿವಿಗೆ ತೋರಿಸುವ ಬದಲು ಸುಣ್ಣ ತಂದೆ. ತೋಟದ ಹೊಸ ರೈಟರ್ ಹೇಳಿದ್ದ, ಗಿಡದ ಬುಡಕ್ಕೆ ಹಾಕಲು ಒಂದೆರಡು ಮೂಟೆ ಬೇಕೆಂದು. ಪೇಟೆಯಿಂದ ಮನೆಯವರೆಗೆ ಜೀಪು ಉಸಿರೆತ್ತಲಿಲ್ಲ. ಆಳುಗಳು ಮೂಟೆ ಇಳಿಸಿದರು, ಜೀಪನ್ನು ಶೆಡ್ಡಿನ ಕಡೆ ತಿರುಗಿಸಿದೆ. ಕಟಕ್.

ನಾನು ಎಂಜಿನ್ ಆರಿಸಿದೆ. ಆಮೇಲೆ, ಏನೂ ಕಾರಣ ಹೇಳದೆ, ಮೂಟೆಗಳನ್ನು ಮತ್ತೆ ಹತ್ತಿಸಿ ಎಂದೆ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು, ಹತ್ತಿಸಿದರು. ಒಂದು ಸುತ್ತು ಓಡಿಸಿದೆ, ಸದ್ದಿಲ್ಲ. ಇಳಿಸಿ ಎಂದೆ. ಸದ್ದು. ಸಂಶೋಧನೆ ಅಲ್ಲಿಗೆ ಮುಗಿಯಿತು: ಹಿಂದೆ ಭಾರವಿದ್ದರೆ ಜೀಪು ಸುಮ್ಮನಿರುತ್ತದೆ, ನಾನೊಬ್ಬನೇ ಇದ್ದರೆ ಮಾತಾಡುತ್ತದೆ. ಕೇಳಲು ಯಾರಾದರೂ ಬಂದು ಕೂತರೆ, ಕೂತ ತಪ್ಪಿಗೆ ಅವರಿಗೆ ಏನೂ ಕೇಳುವುದಿಲ್ಲ.

ಸಾಕ್ಷಿಯನ್ನು ಜೀಪಿನ ಹೊರಗೆ ನಿಲ್ಲಿಸಬೇಕಿತ್ತು. ತಮ್ಮನಿಗೆ ಬರಹೇಳಿದೆ. ಜೀಪು ಮಾರಲು ಒಪ್ಪಿದ್ದೇನೆಂದು ತಪ್ಪು ತಿಳಿದು ಅವನು ಬೇಗನೆ ಬಂದ. ಪೇಟೆಯ ಹೊರಗೆ, ಏರು ಶುರುವಾಗುವಲ್ಲಿನ ಮೋರಿಯ ಕಟ್ಟೆಯ ಮೇಲೆ ಅವನನ್ನೂ ಮೆಕ್ಯಾನಿಕ್ಕನನ್ನೂ ಕೂರಿಸಿ, ಜೀಪನ್ನು ಹಿಂದಕ್ಕೆ ಒಯ್ದು ಒಬ್ಬನೇ ಹೊರಟೆ. ದಾರಿಯಲ್ಲಿ ಅದೇ ಬುಟ್ಟಿಯ ಅಜ್ಜಿ ಕೈ ಒಡ್ಡಿದಳು. ಅಷ್ಟು ವರ್ಷದಲ್ಲಿ ಒಡ್ಡಿದ ಕೈ ಬಿಟ್ಟು ನಾನು ಮುಂದೆ ಹೋದವನಲ್ಲ.

“ಇವತ್ತು ಆಗೋದಿಲ್ಲ ಅಜ್ಜಿ. ಖಾಲಿಯೇ ಹೋಗ್ಬೇಕು.”

“ಖಾಲಿ ಹೋಗ್ಲಿಕ್ಕೆ ಜೀಪ್ಯಾಕೆ?” ಎಂದಳು. “ಹೋಗಿ ಹೋಗಿ. ದೊಡ್ಡ ಮನುಷ್ಯರು.”

ಮೋರಿಯ ಬಳಿ ಗೇರು ಬದಲಿಸಿದೆ. ಕಟಕ್ ಎಂದಿತು, ನ್ಯಾಯಾಲಯದಲ್ಲಿ ಹೆಸರು ಕೂಗಿದಷ್ಟು ಸ್ಪಷ್ಟವಾಗಿ. ಮೆಕ್ಯಾನಿಕ್ ಕಟ್ಟೆಯಿಂದ ಎದ್ದು ನಿಂತ. ತಮ್ಮ ಎದ್ದು ನಿಲ್ಲಲಿಲ್ಲ. ತನ್ನ ಚಪ್ಪಲಿ ನೋಡಿಕೊಂಡ. ನಾನು ಗೆದ್ದಿದ್ದೆ. ಬಹಳ ದಿನದ ಮೇಲೆ ನಗು ಬಂತು.

ಆ ಮಧ್ಯಾಹ್ನವೇ ಶಾಫ್ಟು ಕೆಳಗಿಳಿಯಿತು. ಅದು ಒಂದೇ ತುಂಡಲ್ಲ. ಒಂದರೊಳಗೊಂದು ಜಾರುವ ಎರಡು ತುಂಡು, ಒಳಗೆಲ್ಲ ಉದ್ದುದ್ದ ಹಲ್ಲು. ಜೀಪಿನ ಬೆನ್ನು ಭಾರಕ್ಕೆ ತಗ್ಗಿದರೆ ಹಲ್ಲುಗಳು ಒಂದು ಕಡೆ ಕಚ್ಚಿಕೊಳ್ಳುತ್ತವೆ, ಖಾಲಿಯಿದ್ದು ಮೇಲೆದ್ದರೆ ಇನ್ನೊಂದು ಕಡೆ. ಮೆಕ್ಯಾನಿಕ್ ಗ್ರೀಸು ಒರೆಸಿ ಬಾಗಿಲ ಬೆಳಕಿಗೆ ಹಿಡಿದ. ಒಂದು ಬೆರಳಗಲದ ಜಾಗದಲ್ಲಿ ಹಲ್ಲುಗಳು ಸವೆದು ತೆಳ್ಳಗಾಗಿದ್ದವು. ಅದರಾಚೆಯವೆಲ್ಲ ಇನ್ನೂ ದಪ್ಪಗೆ, ಗಟ್ಟಿಯಾಗಿ ಇದ್ದವು.

“ಇದಕ್ಕೇ ನನಗೆ ಕೇಳ್ಳಿಲ್ಲ ನೋಡಿ,” ಎಂದ. “ನಾವು ಹತ್ತಿದ್ರೆ ಇದು ಒಳ್ಳೆ ಹಲ್ಲಿಗೆ ಜಾರ್ತದೆ. ಸವೆದದ್ದು ಖಾಲಿ ಓಡುವ ಜಾಗ ಮಾತ್ರ.”

ತಮ್ಮ ಅದನ್ನು ಕೈಗೆ ತೆಗೆದುಕೊಂಡ. ಶುಂಠಿ ಕೊಳೆತಿದೆಯೇ ಎಂದು ನೋಡುವವನ ಹಾಗೆ ಹೆಬ್ಬೆರಳಿನಿಂದ ಆ ಸವೆದ ಜಾಗವನ್ನು ಉಜ್ಜಿದ. ಮತ್ತೆ ಉಜ್ಜಿದ.

“ಇಷ್ಟು ಸವೆಯಾಕೆ ಎಷ್ಟು ಕಾಲ ಬೇಕು?” ಎಂದು ಮೆಕ್ಯಾನಿಕ್ಕನನ್ನು ಕೇಳಿದ.

“ವರ್ಷಗಟ್ಟಲೆ ಬೇಕು.”

“ಅಣ್ಣ,” ಎಂದ ತಮ್ಮ, ನನ್ನ ಕಡೆ ನೋಡದೆ. “ಇಷ್ಟು ಕಾಲ ಹಿಂದುಗಡೆ ಯಾರೂ ಕೂತೇ ಇಲ್ವಾ?”

ನನ್ನ ಸಾಕ್ಷಿ ಎದುರು ಪಕ್ಷಕ್ಕೆ ಸೇರಿಹೋಯಿತು. ಹುಚ್ಚನಲ್ಲವೆಂದು ತೋರಿಸಲು ನಾನೇ ತರಿಸಿದ ಕಬ್ಬಿಣ, ಕೇಳದೆ ಇದ್ದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿತ್ತು. “ಕೊಡೆ ಇರ್ತದೆ,” ಎಂದೆ. ಮೆಕ್ಯಾನಿಕ್ ಒಬ್ಬನೇ ನಕ್ಕ.

ಹಳೆಯ ಜೀಪೊಂದರಿಂದ ಬಿಚ್ಚಿಟ್ಟಿದ್ದ ಶಾಫ್ಟು ಸಿಕ್ಕಿತು, ಹಾಕಿದ್ದಾಯಿತು. ತಮ್ಮನನ್ನು ಬಸ್‌ಸ್ಟಾಪಿಗೆ ಬಿಟ್ಟೆ. ಮುಂದೆ ಜಾಗವಿದ್ದರೂ ಅವನು ಹಿಂದೆ ಹತ್ತಿ ಕೂತ. ಮಾರು ಎಂದು ಅವನು ಹೇಳುತ್ತಾನೆಂದು ಕಾದೆ. ಅದಕ್ಕೆ ನನ್ನಲ್ಲಿ ಬೇಕಾದಷ್ಟು ಉತ್ತರಗಳಿದ್ದವು.

“ಭಾನುವಾರ ಮನೇಗೆ ಬಾ,” ಎಂದ, ಗೋಣಿಕೊಪ್ಪದ ಬಸ್ಸಿನ ಮೆಟ್ಟಿಲ ಮೇಲೆ ನಿಂತು. “ಮಾರೋದೇನೂ ಬ್ಯಾಡ. ಗಾಡೀಲೇ ಬಾ.”

“ನೋಡಾಣ,” ಎಂದೆ. ಬಸ್ಸು ಹೋಯಿತು.

ಜೀಪು ಬೆಣ್ಣೆಯಂತೆ ಓಡಿತು. ಗೇರು ಬದಲಿಸಿದೆ, ಏರಿನಲ್ಲಿ ಕಾಲು ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಎಲ್ಲಿಯೂ ಏನೂ ಇಲ್ಲ. ಹುದಿಕೇರಿ ದಾಟುವವರೆಗೂ ನಾನು ಆ ನಿಶ್ಶಬ್ದವನ್ನು ಸಂತೋಷವೆಂದೇ ತಿಳಿದಿದ್ದೆ. ಅದರ ಮೇಲಿನ ಏರಿನಲ್ಲಿ, ಬೆನ್ನ ಹಿಂದೆ ತಟ್ಟುವವರೂ ಯಾರೂ ಇರಲಿಲ್ಲ.